ಹನ್ನೊಂದನೇ ಬಿಲ್ಲೆ

ನಮ್ಮ ಪವರ್ ಹೌಸಿನಲ್ಲಿ ನನ್ನನ್ನು ಕಂಡರೆ ಎಲ್ಲರಿಗೂ ಅಷ್ಟಕ್ಕಷ್ಟೆ. ದೂರು ಹೇಳುತ್ತಿಲ್ಲ, ಇದ್ದದ್ದನ್ನು ಹೇಳುತ್ತಿದ್ದೇನೆ. ಎಲ್ಲರೂ ಕೈ ತೊಳೆದು ಮನೆಗೆ ಹೊರಟು ನಿಂತಾಗ 'ತಡೀರಿ' ಎನ್ನುವುದೇ ಒಬ್ಬ ಹೆಂಗಸಿನ ಉದ್ಯೋಗವಾದರೆ ಅವಳನ್ನು ಕಂಡು ಯಾರು ತಾನೇ ಹಿಗ್ಗುತ್ತಾರೆ? ನಾನು ಪೂಂಗೊಡಿ, ತೇನ್‌ಪಳ್ಳಂ ಪವರ್ ಹೌಸಿನ ಸಹಾಯಕ ಎಂಜಿನಿಯರ್. ಯಂತ್ರ ನಿಲ್ಲಿಸಿ ಅದರ ಹೊಟ್ಟೆಯೊಳಗೆ ಜನ ಇಳಿಯುವಾಗ ಪರ್ಮಿಟ್ ಕೊಡುವವಳು ನಾನು. ಎಲ್ಲರೂ ಹೊರಗೆ ಬಂದರೆಂದು ಸಹಿ ಹಾಕಿ ಅದನ್ನು ಮತ್ತೆ ತಿರುಗಲು ಬಿಡುವವಳೂ ನಾನೇ.

ತೇನ್‌ಪಳ್ಳಕ್ಕೆ ರಸ್ತೆ ಇಲ್ಲ. ಬೆಟ್ಟದ ನೆತ್ತಿಯಿಂದ ಹೊಳೆಯವರೆಗೆ ಹಳಿ ಹಾಕಿ, ಉಕ್ಕಿನ ಹಗ್ಗದಲ್ಲಿ ಒಂದು ಟ್ರಾಲಿಯನ್ನು ಇಳಿಬಿಟ್ಟು ಎಳೆದುಕೊಳ್ಳುತ್ತಾರೆ. ಅದಕ್ಕೆ ವಿಂಚ್ ಎನ್ನುತ್ತೇವೆ. ನೀಲಗಿರಿ ನೋಡಲು ಬರುವವರು ಊಟಿಯಲ್ಲಿ ವರ್ಕಿ ಬಿಸ್ಕತ್ತು ತಿಂದು ಹಿಂದಿರುಗುತ್ತಾರೆ. ಇಲ್ಲಿಯವರೆಗೆ ಬರುವುದು ಮಂಜು, ಕಾಡೆಮ್ಮೆ ಮತ್ತು ವರ್ಗಾವಣೆಯ ಆದೇಶ. ನಮ್ಮ ಕಾಲೋನಿಯ ನಲವತ್ತೆರಡು ಮನೆಗಳಲ್ಲಿ ಈಗ ದೀಪ ಹತ್ತುವುದು ಐದರಲ್ಲಿ. ಹದಿನೇಳನೇ ನಂಬರಿನದು ನನ್ನದು. ನನ್ನೂರು ಕರೂರಿನಿಂದ ನನ್ನನ್ನು ನೋಡಲು ಹೊರಟ ಗಂಡುಗಳೆಲ್ಲ ವಿಂಚಿನ ಸುದ್ದಿ ಕೇಳಿ ಬೆಟ್ಟದ ಮೇಲಿನಿಂದಲೇ ಹಿಂದಿರುಗಿದರು ಎಂದು ನಾನೇ ತಮಾಷೆ ಮಾಡುತ್ತಿದ್ದೆ. ಈಗ ನಲವತ್ತನಾಲ್ಕು. ತಮಾಷೆ ಕೇಳಲು ಜನ ಬೇಕಲ್ಲ, ಅದನ್ನೂ ಬಿಟ್ಟಿದ್ದೇನೆ.

ಕೇಳುತ್ತಿದ್ದವನು ಒಬ್ಬನೇ, ಹಾಲಣ್ಣ. ಇಲ್ಲಿನ ಬೆಟ್ಟದ ಬಡಗ ಜನದವನು, ಹೆಸರು ಹಾಲನ್. ವಿಂಚಿನ ನೆತ್ತಿಯಿಂದ ಅರ್ಧ ಮೈಲಿ ಆಚೆಯ ಹಟ್ಟಿಯವನು. ಮೂವತ್ತೊಂದು ವರ್ಷದಿಂದ ಇಲ್ಲಿ ಹೆಲ್ಪರ್. ಹೆಸರಿಗೆ ಹೆಲ್ಪರ್, ಯಂತ್ರಗಳ ನಾಡಿ ಅವನಷ್ಟು ಬಲ್ಲವರು ಇಲ್ಲ. ಅವನ ಹೆಂಡತಿ ಮಾದಿಯಕ್ಕ ದಿನಾ ಎರಡು ಡಬ್ಬಿ ಕಟ್ಟುತ್ತಿದ್ದಳು, ಒಂದು ಅವನಿಗೆ, ಒಂದು ನನಗೆ. ಉದಕ ಎನ್ನುವ ಅವರೆಕಾಳಿನ ಸಾರು, ಹಿಟ್ಟು, ಒಮ್ಮೊಮ್ಮೆ ಆಲೂಗೆಡ್ಡೆ. ಪರ್ಮಿಟ್ ನಡೆಯುವಾಗ ನಾನು ಕಂಟ್ರೋಲ್ ರೂಮ್ ಬಿಟ್ಟು ಹೋಗುವ ಹಾಗಿಲ್ಲ, ಉಳಿದವರು ಕೆಳಗೆ ಒಟ್ಟಿಗೆ ಕೂತು ಉಣ್ಣುವಾಗ ಹಾಲಣ್ಣ ಎರಡೂ ಡಬ್ಬಿ ಹಿಡಿದು ಮೆಟ್ಟಿಲು ಹತ್ತಿ ನನ್ನ ಎದುರು ಬಂದು ಕೂರುತ್ತಿದ್ದ. ನನ್ನ ದಿನದಲ್ಲಿ ಮಾತು ಅಂತ ಇದ್ದದ್ದು ಆ ಅರ್ಧ ಗಂಟೆ. ಅವನ ನಿವೃತ್ತಿಗೆ ನಾಲ್ಕು ತಿಂಗಳಿತ್ತು. ಆಮೇಲೇನು ಎಂದು ಯೋಚಿಸಲು ನನಗೆ ಧೈರ್ಯವಿರಲಿಲ್ಲ.

ಬಿಲ್ಲೆಯ ವಿಷಯ ಹೇಳಬೇಕು. ಪ್ರತಿಯೊಬ್ಬನಿಗೂ ಒಂದು ಪಿತ್ತಳೆ ಬಿಲ್ಲೆ, ಅದರ ಮೇಲೆ ಅವನ ಅಂಕಿ. ಬೆಳಿಗ್ಗೆ ನನ್ನ ಪೆಟ್ಟಿಗೆಯಿಂದ ಅದನ್ನು ಅವನೇ ತೆಗೆದುಕೊಳ್ಳಬೇಕು. ನೀರಿನ ಹೊಡೆತಕ್ಕೆ ತಿರುಗುವ ಚಕ್ರದ ಗುಂಡಿಗೆ ಇಳಿಯುವ ಮುಂಚೆ ಬಾಗಿಲ ಪಕ್ಕದ ಹಲಗೆಯ ಮೊಳೆಗೆ ಅವನೇ ನೇತುಹಾಕಬೇಕು. ಹೊರಗೆ ಬಂದಾಗ ಅವನೇ ತೆಗೆದು, ಕೈಯಾರೆ ತಂದು ನನ್ನ ಪೆಟ್ಟಿಗೆಗೆ ಹಾಕಬೇಕು. ಎಲ್ಲ ಬಿಲ್ಲೆಗಳೂ ಬರುವ ತನಕ ನೀರಿನ ವಾಲ್ವಿನ ಬೀಗದ ಕೈ ನನ್ನ ಬಳಿಯೇ ಇರುತ್ತದೆ. ಬಿಲ್ಲೆ ಬಾರದಿದ್ದರೆ ಮನುಷ್ಯ ಒಳಗಿದ್ದಾನೆ ಎಂದೇ ಲೆಕ್ಕ. ಇದರಲ್ಲಿ ಬುದ್ಧಿ ಖರ್ಚು ಮಾಡುವ ಕೆಲಸವೇ ಇಲ್ಲ. ಅದಕ್ಕೇ ನನಗೆ ಅದು ಇಷ್ಟ.

ಅಂದು ಎರಡನೇ ಯಂತ್ರದ ಕೊನೆಯ ದಿನ. ಮೂರು ವಾರ ಬಿಚ್ಚಿ ಮಲಗಿಸಿದ್ದ ಯಂತ್ರವನ್ನು ಜೋಡಿಸಿಯಾಗಿತ್ತು. ಬೆಳಿಗ್ಗೆ ಜನರೇಟರಿನ ಸುರುಳಿಗಳಿಗೆ ಮೆಗ್ಗರ್ ಎಂಬ ಮೀಟರ್ ಹಚ್ಚಿ ನೋಡಿದ್ದರು, ಸರಿಯಿತ್ತು. ಚಕ್ರದ ಸುತ್ತ ನೀರು ಬಡಿಯುವ ಉಕ್ಕಿನ ಬಟ್ಟಲುಗಳಿಗೆ ಕೆಂಪು ಬಣ್ಣ ಬಳಿದು, ಒರೆಸಿ, ಬಿಳಿ ಪುಡಿ ಊದಿ ಬಿರುಕು ಇದೆಯೇ ಎಂದು ನೋಡುವುದು ಒಂದಿತ್ತು. ಅದೂ ಹನ್ನೆರಡಕ್ಕೆ ಮುಗಿಯಿತು. ಊಟದ ಮೇಲೆ ಗುಂಡಿಯೊಳಗಿನ ಸಾಮಾನು ತೆಗೆಯುವುದಷ್ಟೇ ಬಾಕಿ. ನಾಲ್ಕು ಗಂಟೆಗೆ ನೀರು ಬಿಟ್ಟು ಓವರ್‌ಸ್ಪೀಡ್ ಪರೀಕ್ಷೆ. ಯಂತ್ರವನ್ನು ಬೇಕೆಂದೇ ಮಿತಿ ಮೀರಿ ಓಡಿಸಿ, ತಾನಾಗಿ ನಿಲ್ಲುತ್ತದೆಯೇ ಎಂದು ನೋಡುವುದು. ಆರು ಗಂಟೆಯ ಹೊತ್ತಿಗೆ ಊರುಗಳಲ್ಲಿ ದೀಪ ಹತ್ತುವ ಮುಂಚೆ ಅದು ಓಡಲೇಬೇಕೆಂದು ಮೇಲಿನಿಂದ ಫೋನಿನ ಮೇಲೆ ಫೋನು.

ಮಧ್ಯಾಹ್ನ ಹಾಲಣ್ಣ ಡಬ್ಬಿ ತಂದ. ನಾನು ಪರೀಕ್ಷೆಯ ಪುಸ್ತಕ ತುಂಬಿಸುತ್ತಿದ್ದೆ.

"ಅವ್ವಾ, ಆರನೇ ಬಟ್ಟಲ ಬುಡದಾಗೆ ಒಂದು ಗೆರೆ ಐತೆ."

"ಇಇ ಸಾರ್ ನೋಡಿದ್ರಾ?" ಇಇ ಎಂದರೆ ನಮ್ಮ ಕಾರ್ಯನಿರ್ವಾಹಕ ಎಂಜಿನಿಯರ್ ಇಳಂಗೋವನ್.

"ನೋಡಿದ್ರು. ಎರಕದ ಗೆರೆ, ಹಳೇದು ಅಂದ್ರು. ನಿನ್ ಕಣ್ಣಿಗೆ ಪೊರೆ ಬಂದೈತೆ ಮುದುಕಾ ಅಂದ್ರು. ಎಲ್ಲಾ ನಕ್ಕರು. ಹಳೇದಲ್ಲ ಅವ್ವಾ. ಆ ಬಟ್ಟಲು ನಾನು ವರ್ಷಾ ವರ್ಷಾ ಒರೆಸ್ತೀನಿ."

"ಅವರು ನೋಡಿದ ಮೇಲೆ ಆಯ್ತಲ್ಲ ಹಾಲಣ್ಣ. ಬಟ್ಟಲು ನನ್ನ ಸೆಕ್ಷನ್ ಅಲ್ಲ. ಒಳಗೆ ಹೋದೋರು ಹೊರಗೆ ಬಂದ್ರಾ, ಅಷ್ಟೇ ನನ್ನ ಕೆಲಸ."

ಅವನು ನನ್ನ ಡಬ್ಬಿಯನ್ನು ಮೇಜಿನ ಮೇಲಿಟ್ಟು ಹೋದ. ಅಂದು ಕೂರಲಿಲ್ಲ. ಅವನು ಹೋದದ್ದು ನನ್ನ ಗಮನಕ್ಕೆ ಬಂದದ್ದೂ ಪುಟ ಮುಗಿದ ಮೇಲೆ.

ಮೂರೂವರೆಗೆ ಫೋರ್‌ಮನ್ ತಂಗರಾಸು ಮೇಲೆ ಬಂದ. ಕೈಯಲ್ಲಿ ಟವೆಲ್ಲಿನ ಗಂಟು. ಅದನ್ನು ಮೇಜಿನ ಮೇಲೆ ಬಿಚ್ಚಿದ, ಬಿಲ್ಲೆಗಳು ಗಲಗಲ ಉರುಳಿದವು.

"ಇದೇನು ತಂಗರಾಸು, ಸಂತೆಯಿಂದ ಕಡಲೆಕಾಯಿ ತಂದ ಹಾಗೆ?"

"ಕಂಟ್ರಾಕ್ಟ್ ಹುಡುಗರು ಮೂರರ ವಿಂಚಿಗೆ ಓಡ್ತಿದ್ರು ಮೇಡಂ. ಒಬ್ಬೊಬ್ಬರೂ ಮೆಟ್ಲು ಹತ್ತಿ ಬರೋದ್ರೊಳಗೆ ವಿಂಚ್ ಹೋಗುತ್ತೆ. ನಾನೇ ಹಲಗೆ ಮೇಲಿಂದ ಬಾಚ್ಕೊಂಡೆ."

ಇದು ನಮ್ಮವರ ಹಳೆಯ ಚಾಳಿ. ಸಿಕ್ಕಿದಾಗಲೆಲ್ಲ ಬೈದಿದ್ದೇನೆ, ಬರೆದಿದ್ದೇನೆ, ಗೋಡೆಗೆ ಅಂಟಿಸಿದ್ದೇನೆ. ವಿಂಚ್ ತಪ್ಪಿದರೆ ಎರಡು ಗಂಟೆ ಚಳಿಯಲ್ಲಿ ಕಾಯಬೇಕು, ಹಾಗಾಗಿ ಯಾವ ಗೋಡೆಯ ಮಾತೂ ನಡೆಯುವುದಿಲ್ಲ. ಬೈಯುತ್ತಲೇ ಎಣಿಸಿದೆ. ಹದಿಮೂರು. ಒಳಗೆ ಹೋದವರು ಹದಿನಾಲ್ಕು. ಮತ್ತೆ ಎಣಿಸಿದೆ. ಹನ್ನೊಂದನೇ ಅಂಕಿ ಇರಲಿಲ್ಲ.

ಹನ್ನೊಂದು ಹಾಲಣ್ಣನದು.

"ಅವನು ಹೊರಗೇ ಇದ್ದಾನೆ ಮೇಡಂ," ಎಂದ ತಂಗರಾಸು. "ಮಧ್ಯಾಹ್ನದಿಂದ ತಲೆನೋವು ಅಂತಿದ್ದ. ಮೂರರ ವಿಂಚಲ್ಲಿ ಹೋದ. ಬಿಲ್ಲೆ ಜೇಬಲ್ಲೇ ಉಳಿದಿರುತ್ತೆ."

"ಹಲಗೆ ಮೇಲೆ ಹನ್ನೊಂದು ಇತ್ತಾ, ಇರಲಿಲ್ವಾ?"

"ಬಾಚ್ಕೊಂಡೆ ಮೇಡಂ. ಒಂದೊಂದೇ ನೋಡ್ಲಿಲ್ಲ."

"ವಿಂಚಿಗೆ ಹತ್ತಿದಾಗ ಮುಖ ನೋಡಿದ್ಯಾ?"

"ಮಂಜು ಕವಿದಿತ್ತಲ್ಲ. ಅವನು ಹೊದ್ಯೋ ಬಿಳೀ ಕಂಬಳಿ ನೋಡ್ದೆ."

ವಿಂಚಿನ ಮೇಲಿನ ಮನೆಗೆ ಫೋನ್ ಮಾಡಿದೆ. ಅಲ್ಲಿ ಮರಿಯದಾಸ್ ಇರುತ್ತಾನೆ. ಮೂರರ ಟ್ರಿಪ್ಪಿನಲ್ಲಿ ಎಷ್ಟು ಜನ ಎಂದು ಕೇಳಿದೆ.

"ಒಂಬತ್ತು ಅಂತ ಬರ್ದಿದೀನಿ ಮೇಡಂ."

"ಎಣಿಸಿ ಬರೆದೆಯಾ?"

"ಟ್ರಾಲಿ ತುಂಬಿದ್ರೆ ಒಂಬತ್ತು ಅಂತ ಬರೀತೀನಿ. ಈ ಮಂಜಲ್ಲಿ ಮುಖ ಎಲ್ಲಿ ಕಾಣುತ್ತೆ?"

ಕಂಟ್ರಾಕ್ಟಿನವರು ಎಂಟು ಜನ. ಒಂಬತ್ತನೆಯವನು ಹಾಲಣ್ಣನೋ, ಇಲ್ಲ ಮರಿಯದಾಸನ ಅಭ್ಯಾಸವೋ, ಹೇಳುವವರು ಯಾರು? ಹಾಲಣ್ಣನ ಬಳಿ ಫೋನಿಲ್ಲ. ಇಷ್ಟು ವರ್ಷ ಬೇಕಾಗಿರಲಿಲ್ಲ ಎನ್ನುತ್ತಿದ್ದ.

ನಾನೇ ಚಕ್ರದ ಗುಂಡಿಗೆ ಇಳಿದೆ. ಟಾರ್ಚು ಹಿಡಿದು ಸುತ್ತಲೂ ನೋಡಿ, ಅವನ ಹೆಸರು ಕೂಗಿದೆ. ನೀರು ತೊಟ್ಟಿಕ್ಕುವ ಸದ್ದು ಬಿಟ್ಟು ಏನೂ ಇಲ್ಲ. ಆದರೆ ಗುಂಡಿಯ ಕೆಳಗೆ ನೀರು ಹೊರಗೆ ಹೋಗುವ ಸುರಂಗವಿದೆ, ಇನ್ನೂರು ಅಡಿ, ಕತ್ತಲೆ, ಪಾಚಿ. ಬಿದ್ದುಹೋದ ಸ್ಪ್ಯಾನರ್ ಹುಡುಕಲು ಹಾಲಣ್ಣ ಅದರೊಳಗೆ ಹೋಗುವುದುಂಟು. ಜಾರಿ ಬಿದ್ದು ಪ್ರಜ್ಞೆ ತಪ್ಪಿದ್ದರೆ? ಅರ್ಧದವರೆಗೆ ಹೋದೆ, ಟಾರ್ಚಿನ ಬೆಳಕು ಮುಂದಕ್ಕೆ ಹೋಗಲಿಲ್ಲ, ನನ್ನ ಕಾಲೂ ಹೋಗಲಿಲ್ಲ. ಅಷ್ಟು ಭಯವಾಯಿತು. ಹೊರಗೆ ಬಂದಾಗ ಇಳಂಗೋವನ್ ಗಡಿಯಾರ ನೋಡುತ್ತ ನಿಂತಿದ್ದರು.

"ಏನಮ್ಮಾ ಪೂಂಗೊಡಿ, ಇನ್ನೂ ಎಷ್ಟು ಹೊತ್ತು?"

"ಹಾಲನ್ ಬಿಲ್ಲೆ ಬಂದಿಲ್ಲ ಸಾರ್."

"ಬಿಲ್ಲೆ ಕಳೆದ್ರೆ ದಾರಿ ಇದೆಯಲ್ಲ. ಮನುಷ್ಯನ್ನ ಹೊರಗೆ ನೋಡಿದ್ದೀವಿ ಅಂತ ಇಬ್ಬರು ಸಹಿ ಹಾಕಲಿ. ತಂಗರಾಸು ಹಾಕ್ತಾನೆ. ಮರಿಯದಾಸ್ ಒಂಬತ್ತು ಅಂತ ಬರೆದಿದ್ದಾನೆ. ಮುಗೀತು."

"ಒಬ್ಬ ನೋಡಿದ್ದು ಕಂಬಳಿ ಸಾರ್. ಇನ್ನೊಬ್ಬ ನೋಡಿದ್ದು ಟ್ರಾಲಿ."

ಯಾರೋ ಹಿಂದೆ ಕಿಸಕ್ಕನೆ ನಕ್ಕರು. ಇಳಂಗೋವನ್ ನಗಲಿಲ್ಲ. ಅವರು ಕೆಟ್ಟವರಲ್ಲ. ಆದರೆ ಆರು ಗಂಟೆ ಎನ್ನುವುದು ಅವರ ಕುತ್ತಿಗೆ ಮೇಲೆ ಕೂತಿತ್ತು. "ಈ ಹೆಂಗಸಿನ ಕೈಲಿ ಬೀಗದ ಕೈ ಕೊಟ್ಟೋರ್ನ ಹೇಳ್ಬೇಕು," ಎಂದು ಅವರು ಗೊಣಗಿದ್ದು ನನಗೆ ಕೇಳಲಿ ಎಂದೇ.

"ನಾನು ಮೇಲೆ ಹೋಗಿ ನೋಡ್ಕೊಂಡು ಬರ್ತೀನಿ," ಎಂದು ಹೇಳಿ ಬೀಗದ ಕೈಯನ್ನು ಸ್ವೆಟರಿನ ಒಳಗೆ ಹಾಕಿಕೊಂಡೆ. ಇಪ್ಪತ್ತೆರಡು ವರ್ಷದ ಕೆಲಸದಲ್ಲಿ ಬೀಗದ ಕೈ ಪವರ್ ಹೌಸಿನ ಹೊಸ್ತಿಲು ದಾಟಿದ್ದು ಅದೇ ಮೊದಲು.

ಮರಿಯದಾಸನಿಗೆ ಹೇಳಿ ಟ್ರಾಲಿಯನ್ನು ಹೊತ್ತಲ್ಲದ ಹೊತ್ತಿನಲ್ಲಿ ಇಳಿಸಿಕೊಂಡೆ. ವಿಂಚ್ ನೆತ್ತಿ ಮುಟ್ಟಲು ಇಪ್ಪತ್ತೈದು ನಿಮಿಷ. ನಾನೊಬ್ಬಳೇ. ಮಂಜಿನಲ್ಲಿ ಮುಂದಿನ ಹಳಿಯೂ ಕಾಣಿಸದು, ಹಿಂದಿನದೂ ಕಾಣಿಸದು. ಅವನು ಮನೆಯಲ್ಲಿರಲಿ ಎಂದು ಬೇಡಿಕೊಂಡೆ. ಅವನು ಮನೆಯಲ್ಲಿರದಿದ್ದರೆ ಆ ಸುರಂಗದಲ್ಲಿದ್ದಾನೆ, ನಾನು ಅರ್ಧದಿಂದ ಹಿಂದೆ ಬಂದೆನಲ್ಲ ಎಂದು ನನ್ನನ್ನೇ ಬೈದುಕೊಂಡೆ. ಅವನು ಸತ್ತರೆ ನನ್ನನ್ನು 'ಅವ್ವಾ' ಎಂದು ಕರೆಯುವವರು ಈ ಕಣಿವೆಯಲ್ಲಿ ಯಾರೂ ಇರುವುದಿಲ್ಲ ಎಂದೂ ಅನ್ನಿಸಿತು. ಅಂಥ ಹೊತ್ತಿನಲ್ಲೂ ನನ್ನದೇ ಚಿಂತೆ! ನಾಚಿಕೆಯಾಯಿತು, ಆದರೆ ಅನ್ನಿಸಿದ್ದು ಹೌದು.

ಹಟ್ಟಿಯ ಸಾಲುಮನೆಗಳಲ್ಲಿ ಕೊನೆಯದು ಅವನದು. ಹಾಲಣ್ಣ ಜಗಲಿಯ ಮೇಲೆ ಕಂಬಳಿ ಹೊದ್ದು ಕೂತಿದ್ದ. ನನ್ನನ್ನು ಕಂಡು ಎದ್ದುನಿಂತ. ನಾನು ಅಲ್ಲೇ ಜಗಲಿಯ ತುದಿಯಲ್ಲಿ ಕೂತು ಅತ್ತುಬಿಟ್ಟೆ. ಮಾದಿಯಕ್ಕ ಓಡಿಬಂದು ಬೆನ್ನು ಸವರಿದಳು.

"ಬರ್ತೀಯ ಅಂತ ಗೊತ್ತಿತ್ತು," ಎಂದ ಹಾಲಣ್ಣ. ಜೇಬಿನಿಂದ ಬಿಲ್ಲೆ ತೆಗೆದು ನನ್ನ ಪಕ್ಕದಲ್ಲಿಟ್ಟ.

ಅಳು ನಿಂತುಹೋಯಿತು. "ಗೊತ್ತಿತ್ತು ಅಂದ್ರೆ?"

"ಮರ್ತು ತಂದಿದ್ದಲ್ಲ ಅವ್ವಾ. ಬೇಕಂತಲೇ ತಂದೆ."

"ಬೇಕಂತಲೇ?"

"ಆ ಬಟ್ಟಲು ಇವತ್ತು ನಿಲ್ಲಾಕಿಲ್ಲ. ಮಾಮೂಲಿ ಓಡಿದ್ರೆ ಇನ್ನೊಂದು ತಿಂಗಳೋ ಎರಡೋ ತಡೀತಿತ್ತೇನೋ. ಮಿತಿ ಮೀರಿ ಓಡಿಸಿದ್ರೆ ಕಿತ್ಕೊಂಡು ಹಾರ್ತದೆ. ನೂರು ಕಿಲೋ ಉಕ್ಕು. ಪಕ್ಕದಾಗೆ ತಂಗರಾಸು ನಿಂತಿರ್ತಾನೆ, ಸಾಹೇಬ್ರು ನಿಂತಿರ್ತಾರೆ, ಗೋಡೆ ಆಚೆ ನೀನು. ಸಾಹೇಬ್ರಿಗೆ ಹೇಳ್ದೆ, ನಕ್ಕರು. ನಿನಗೆ ಹೇಳ್ದೆ, ನೀನು ತಲೆ ಎತ್ಲಿಲ್ಲ. ಇನ್ನ ಯಾರಿಗೆ ಹೇಳ್ಲಿ? ಬಾಯಿ ಮಾತು ನೀನು ಕೇಳ್ದಿದ್ರೂ ಬಿಲ್ಲೆ ಮಾತು ಕೇಳ್ತೀಯ ಅಂತ ತಗೊಂಡು ಬಂದೆ."

ಸಿಟ್ಟು ನೆತ್ತಿಗೇರಿತು. "ನಾನು ಆ ಸುರಂಗದಲ್ಲಿ ನಿನ್ನ ಹೆಣ ಹುಡುಕಿದೆ ಹಾಲಣ್ಣ! ಗೊತ್ತಾ ನಿನಗೆ?"

"ಅದು ನಾನು ಯೋಚ್ನೆ ಮಾಡ್ಲಿಲ್ಲ," ಎಂದ. ಮುಖ ಸಣ್ಣದಾಯಿತು. "ತಪ್ಪಾಯ್ತು ಅವ್ವಾ."

ಬಿಲ್ಲೆ ಸಿಕ್ಕಿತ್ತು. ನಿಯಮದ ಪ್ರಕಾರ ನಾನು ಕೆಳಗಿಳಿದು ಬೀಗದ ಕೈ ಕೊಡಬೇಕು. ಇನ್ನು ನನ್ನ ಬಳಿ ನೆವವಿರಲಿಲ್ಲ. ಇಷ್ಟು ವರ್ಷ ನಾನು ಹೇಳಿದ 'ಇಲ್ಲ'ಗಳೆಲ್ಲ ಪುಸ್ತಕದವು, ಪೆಟ್ಟಿಗೆಯವು, ಬಿಲ್ಲೆಯವು. ನನ್ನ ಬಾಯಿಂದ ನನ್ನದೇ 'ಇಲ್ಲ' ಒಂದೂ ಬಂದಿರಲಿಲ್ಲ. ಮರಿಯದಾಸನ ಕೋಣೆಗೆ ಹೋಗಿ ಕೆಳಗೆ ಫೋನ್ ಹಚ್ಚಿದೆ.

"ಹಾಲನ್ ಸಿಕ್ಕಿದ ಸಾರ್. ಬಿಲ್ಲೆಯೂ ಸಿಕ್ಕಿತು."

"ಒಳ್ಳೇದಾಯ್ತು. ಬೇಗ ಬಾ."

"ಬರ್ತೀನಿ. ಬೀಗದ ಕೈ ಕೊಡಲ್ಲ. ಆರನೇ ಬಟ್ಟಲು ಇನ್ನೊಂದು ಸಲ ನೋಡಿಸಿ. ಹೊರಗಿನೋರ ಕೈಲಿ."

"ಯಾವ ಆಧಾರದ ಮೇಲೆ?"

"ನನಗೆ ಅನುಮಾನ ಸಾರ್."

"ಅನುಮಾನಕ್ಕೆ ಫಾರಂ ಇಲ್ಲಮ್ಮ."

"ಬಿಳೀ ಹಾಳೆ ಇದೆ ಸಾರ್. ಅದರ ಮೇಲೆ ಬರೆದು ಸಹಿ ಹಾಕ್ತೀನಿ."

ಆ ಸಂಜೆ ಯಾವ ಊರಿನಲ್ಲಿ ಎಷ್ಟು ಹೊತ್ತು ದೀಪ ಹೋಯಿತೋ ಗೊತ್ತಿಲ್ಲ. ನಾನು ಬೈಸಿಕೊಂಡದ್ದು ಮಾತ್ರ ಗೊತ್ತು. ಕ್ಯಾಂಟೀನಿನಲ್ಲಿ ನಾನು ಕೂತ ಬೆಂಚಿನಿಂದ ಇಬ್ಬರು ಎದ್ದು ಹೋದರು.

ಮರುದಿನ ಬೆಳಿಗ್ಗೆ ಬೇರೆ ಪವರ್ ಹೌಸಿನಿಂದ ಪರೀಕ್ಷೆ ಮಾಡುವವರು ಉಪಕರಣ ಹೊತ್ತು ಬಂದರು. ಹನ್ನೊಂದು ಗಂಟೆಗೆ ಎಲ್ಲರನ್ನೂ ಕರೆದು ತೋರಿಸಿದರು. ಆರನೇ ಬಟ್ಟಲ ಬುಡದಲ್ಲಿ ಹೊರಗೆ ಕಂಡ ಗೆರೆ ಒಂದು ಬೆರಳಿನಷ್ಟು, ಒಳಗೆ ಒಂದು ಗೇಣು. ಇಳಂಗೋವನ್ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ಬಗ್ಗಿ ನೋಡಿದರು. ತಂಗರಾಸು ತಾನು ನಿಲ್ಲಬೇಕಿದ್ದ ಜಾಗವನ್ನು ತಿರುಗಿ ತಿರುಗಿ ನೋಡಿದ. "ಚಕ್ರ ಬಿಚ್ಚಿ," ಎಂದರು ಇಳಂಗೋವನ್. ಬಿಲ್ಲೆ ಬೇಕೆಂದೇ ಒಯ್ದದ್ದನ್ನು ಹಾಲಣ್ಣ ತಾನೇ ಎಲ್ಲರಿಗೂ ಹೇಳಿದ, ಅವನನ್ನು ಅಂದು ಹೆಗಲ ಮೇಲೆ ಹೊರುವುದೊಂದು ಬಾಕಿ. ನನ್ನ ಹತ್ತಿರ ಯಾರೂ ಬರಲಿಲ್ಲ, ಬಾರದಿದ್ದದ್ದು ನನಗೆ ಹೊಸದೂ ಅಲ್ಲ.

ಬಿಲ್ಲೆಯ ವರದಿ ಬರೆಯುವುದು ಬಾಕಿಯಿತ್ತು. ಬಿಲ್ಲೆ ಒಂದು ಗಂಟೆ ತಡವಾದರೂ ಕಾರಣ ಬರೆದು ಮೇಲೆ ಕಳಿಸಬೇಕು. ಇಳಂಗೋವನ್ ತಾವೇ ನನ್ನ ಕೋಣೆಗೆ ಬಂದು ಕೂತರು.

"ಬಿಲ್ಲೆ ಕಾಣೆಯಾಗಿತ್ತು, ಜೇಬಲ್ಲಿ ಸಿಕ್ಕಿತು ಅಂತ ಬರೆದು ಮುಗಿಸಮ್ಮ. ಬೇಕಂತಲೇ ತಗೊಂಡು ಹೋದ ಅಂತ ಬರೆದ್ರೆ ಅವನ್ನ ಸಸ್ಪೆಂಡ್ ಮಾಡ್ತಾರೆ. ಇನ್ನು ನಾಲ್ಕು ತಿಂಗಳು. ಹಾರ ಹಾಕಿ ಕಳಿಸೋಣ ಅಂತಿದ್ದೀವಿ."

"ಹೂಂ ಸಾರ್," ಎಂದೆ. ಮನಸ್ಸಿನಿಂದಲೇ ಹೇಳಿದೆ. ಹಾಲಣ್ಣನಿಗೆ ಕೆಟ್ಟ ಹೆಸರು ಬರುವುದಕ್ಕಿಂತ ನನ್ನ ಕೈ ಮುರಿಯಲಿ ಎಂದೇ ಅಂದುಕೊಂಡಿದ್ದೆ. ಎರಡು ಸಾಲು ಬರೆದೂ ಇಟ್ಟೆ.

ಮೂರನೇ ದಿನ ಕ್ಯಾಂಟೀನಿನಲ್ಲಿ ಟೀ ಹಿಡಿದು ನಿಂತಿದ್ದೆ. ತಂಗರಾಸು ಕೂತವರನ್ನು ನಗಿಸುತ್ತಿದ್ದ.

"ಇನ್ನು ನಮಗೂ ದಾರಿ ಗೊತ್ತಾಯ್ತು ಬಿಡ್ರೋ. ಸಾಕಾದ್ರೆ ಬಿಲ್ಲೆ ಜೇಬಿಗಿಳಿಸಿ ಮನೆಗೆ ಹೋಗೋದು. ಮೇಡಂ ವಿಂಚ್ ಹತ್ತಿ ಹುಡುಕ್ಕೊಂಡು ಬರ್ತಾರೆ!"

"ಮುಂದಿನ ಸಲ ಬಿಲ್ಲೆ ಕಮ್ಮಿ ಆದ್ರೆ," ಎಂದ ಇನ್ನೊಬ್ಬ, "ಯಾವನೋ ಮನೇಲಿ ಮಲಗಿದಾನೆ ಅಂತಲೇ ಲೆಕ್ಕ. ನೀರು ಬಿಡಿ!"

ಎಲ್ಲರೂ ನಕ್ಕರು. ಕೆಟ್ಟ ಮನಸ್ಸಿನ ನಗೆಯಲ್ಲ. ಆದರೆ ನಾನು ಟೀ ಲೋಟ ಕೆಳಗಿಟ್ಟೆ. ಬಿಲ್ಲೆ ಬಾರದಿದ್ದರೆ ಮನುಷ್ಯ ಒಳಗಿದ್ದಾನೆ, ಅದಕ್ಕೆ ಬೇರೆ ಅರ್ಥವೇ ಇರಬಾರದು. ಹಾಲಣ್ಣ ಒಳ್ಳೆಯದಕ್ಕೇ ಅದಕ್ಕೊಂದು ಬೇರೆ ಅರ್ಥ ಕೊಟ್ಟುಬಿಟ್ಟಿದ್ದ. ನಾನು ಎರಡು ಸಾಲಿನಲ್ಲಿ ಅದನ್ನು ಮುಚ್ಚಿದರೆ ಮುಂದೊಂದು ದಿನ ಯಾರೋ ಒಬ್ಬ ನಿಜವಾಗಿಯೂ ಸುರಂಗದಲ್ಲಿ ಬಿದ್ದಿರುತ್ತಾನೆ, ಇವರು ನಗುತ್ತಲೇ ನೀರು ಬಿಟ್ಟಿರುತ್ತಾರೆ.

ಮನೆಗೆ ಹೋಗಿ ಆ ಎರಡು ಸಾಲು ಹರಿದೆ. ನಾಲ್ಕು ಪುಟ ಬರೆದೆ. ಯಾರನ್ನೂ ಬಿಡಲಿಲ್ಲ. ತಂಗರಾಸು ಗಂಟು ಕಟ್ಟಿದ್ದು, ಮರಿಯದಾಸ್ ಎಣಿಸದೆ ಬರೆದದ್ದು, ಇಳಂಗೋವನ್ ಗೆರೆ ನೋಡಿ ನಕ್ಕದ್ದು, ಹಾಲನ್ ಬೇಕೆಂದೇ ಬಿಲ್ಲೆ ಕೊಂಡೊಯ್ದದ್ದು. ಬಿರುಕಿನ ವಿಚಾರ, ಜೀವ ಉಳಿದ ವಿಚಾರ, ಶಿಕ್ಷೆಯಲ್ಲಿ ದಯೆ ಇರಲಿ ಎನ್ನುವ ಕೋರಿಕೆ, ಎಲ್ಲವನ್ನೂ ಬರೆದೆ. ಸುದ್ದಿ ಹೇಗೋ ಹೊರಬಿತ್ತು. "ಅವನ ಮನೆ ಡಬ್ಬಿ ಉಂಡು ಅವನ ಮೇಲೇ ಬರೀತಾರಂತೆ," ಎಂದು ನನ್ನ ಕಿವಿಗೆ ಬೀಳುವ ಹಾಗೇ ಅಂದರು. ನಿಜವೇ ತಾನೆ, ಏನು ಹೇಳಲಿ?

ವರದಿ ಮೇಲೆ ಹೋಗುವ ಮುಂಚೆ ಹೆಸರಿದ್ದವನಿಗೆ ತೋರಿಸಿ ಸಹಿ ಪಡೆಯಬೇಕು. ಬೇರೆಯವರ ಕೈಯಲ್ಲಿ ಕಳಿಸಬಹುದಿತ್ತು. ಭಾನುವಾರ ಮಧ್ಯಾಹ್ನ ನಾನೇ ಹಟ್ಟಿಗೆ ಹೋದೆ.

ಹಾಲಣ್ಣ ಜಗಲಿಯಲ್ಲೇ ಇದ್ದ. "ಕೂತ್ಕೋ," ಎಂದ. ಕೂತೆ. ಮಾದಿಯಕ್ಕ ಒಳಗಿನಿಂದ ನೋಡಿದಳು, ಹೊರಗೆ ಬರಲಿಲ್ಲ.

"ಓದು," ಎಂದ.

ಇಂಗ್ಲಿಷಿನಲ್ಲಿತ್ತು. ಒಂದೊಂದೇ ವಾಕ್ಯ ಬಿಡಿಸಿ ಹೇಳಿದೆ. 'ಉದ್ದೇಶಪೂರ್ವಕವಾಗಿ' ಎಂಬುದನ್ನು 'ಬೇಕಂತಲೇ' ಎಂದು ಬಿಡಿಸಿದೆ. ಅವನು ಚಹಾ ಗಿಡಗಳ ಕಡೆ ನೋಡುತ್ತ ಕೇಳಿಸಿಕೊಂಡ.

"ಯಾಕೆ ಬರೆದೆ ಅಂತ ಕೇಳಲ್ವಾ ಹಾಲಣ್ಣ?"

"ಗೊತ್ತಾಯ್ತದೆ. ನಾಳೆ ಯಾವನಾದ್ರೂ ನಿಜವಾಗ್ಲೂ ಒಳಗಿರ್ತಾನೆ. ಅದಕ್ಕೆ." ಕಾಗದದ ಕಡೆ ಬೆರಳು ತೋರಿಸಿ, "ಬಿರುಕಿನ ವಿಚಾರ ಐತಲ್ಲ?"

"ಇದೆ. ಎರಡನೇ ಪುಟ."

"ಸಾಹೇಬ್ರಿಗೆ ನಾನು ಹೇಳಿದ್ದು?"

"ಅದೂ ಇದೆ. ಅವರು ನಕ್ಕಿದ್ದೂ ಇದೆ."

"ಆಮೇಲೆ ನಾನು ಡಬ್ಬಿ ತಗೊಂಡು ನಿನ್ ಹತ್ರ ಬಂದು ಹೇಳಿದ್ದು?"

ನಾನು ಪುಟ ತಿರುವಿದೆ. ತಿರುವುವ ಅಗತ್ಯವಿರಲಿಲ್ಲ. ನಾನೇ ಬರೆದದ್ದು, ಅದರಲ್ಲಿ ಏನಿದೆ ಏನಿಲ್ಲ ಎಂದು ನನಗೆ ಗೊತ್ತಿತ್ತು. ಬರೆಯುವಾಗ ಅದು ನೆನಪಿಗೇ ಬರಲಿಲ್ಲ ಎಂದು ಹೇಳಿಕೊಳ್ಳಬಹುದು. ಹಾಗೆ ಹೇಳಿದರೆ ಸುಳ್ಳು. ಮಧ್ಯರಾತ್ರಿ ಆ ಜಾಗ ಬಂದಾಗ ಪೆನ್ನು ನಿಂತಿತ್ತು. ಆಮೇಲೆ 'ಅಪರಾಹ್ನ ಮೂರು ಗಂಟೆಗೆ' ಎಂದು ಮುಂದಕ್ಕೆ ಹೋಗಿತ್ತು.

"ಇಲ್ಲ," ಎಂದೆ.

"ಇರ್ಲಿ ಬಿಡು. ಅದು ಬ್ಯಾಡ," ಎಂದ ಹಾಲಣ್ಣ, ಮೆಲ್ಲಗೆ. "ನಿನಗ್ಯಾಕೆ ತೊಂದ್ರೆ. ಎಲ್ಲಿ ಸಹಿ?" ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡ.

ಅವನು ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಇಡೀ ಪವರ್ ಹೌಸಿನ ತಪ್ಪುಗಳನ್ನು ಹೆಕ್ಕಿ ಹೆಕ್ಕಿ ಬರೆದು, ನನ್ನದೊಂದನ್ನು ಮಾತ್ರ ಸೆರಗಿನಲ್ಲಿ ಮುಚ್ಚಿಟ್ಟುಕೊಂಡು ಅವನ ಜಗಲಿಗೆ ಬಂದು ಕೂತಿದ್ದೆ. ಅವನಿಂದ ಕಾಗದ ಕಿತ್ತುಕೊಂಡೆ. ಎರಡನೇ ಪುಟದ ಅಂಚಿನಲ್ಲಿ ಬರೆದ ಮೇಲೆ ಅವನಿಗೆ ಓದಿ ಹೇಳಿದೆ. "ಮಧ್ಯಾಹ್ನ ಹನ್ನೆರಡೂವರೆಗೆ ಹಾಲನ್ ಈ ಬಿರುಕಿನ ವಿಷಯ ನನಗೆ ಹೇಳಿದ. ನಾನು ಅವನ ಮಾತು ಕೇಳಲಿಲ್ಲ. ಕೇಳಿದ್ದರೆ ಅವನು ಬಿಲ್ಲೆ ಕೊಂಡೊಯ್ಯುತ್ತಿರಲಿಲ್ಲ." ಕೆಳಗೆ ನನ್ನ ಸಹಿ ಹಾಕಿದೆ.

ಅವನು ಪೆನ್ನು ತೆಗೆದುಕೊಂಡು ತಮಿಳಿನಲ್ಲಿ ಒಂದೊಂದೇ ಅಕ್ಷರ ಕೂಡಿಸಿ ತನ್ನ ಹೆಸರು ಬರೆದ. ಆಮೇಲೆ ಕಾಗದವನ್ನು ನೀಟಾಗಿ ಮಡಿಸಿ ನನ್ನ ಕೈಗಿಟ್ಟ.

"ಐದಕ್ಕೆ ವಿಂಚ್ ಐತೆ. ಹೊರಡು. ತಪ್ಪಿದ್ರೆ ಚಳೀಲಿ ಕಾಯ್ಬೇಕು."

ಎದ್ದೆ. ನಾಳೆ ವರದಿ ಮೇಲೆ ಹೋದರೆ ಅವನನ್ನು ಸಸ್ಪೆಂಡ್ ಮಾಡುತ್ತಾರೆ, ಇನ್ನು ಅವನು ಕೆಲಸಕ್ಕೆ ಬರುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಅಂಗಳಕ್ಕೆ ಇಳಿದ ಮೇಲೆ ಒಂದು ನಿಮಿಷ ಸುಮ್ಮನೆ ನಿಂತೆ, ಏನಾದರೂ ಹೇಳಿಯಾನು ಎಂದು. ಅವನು ಕಂಬಳಿಯನ್ನು ಹೆಗಲಿಗೆ ಎಳೆದುಕೊಂಡು ಒಳಗೆ ಹೋದ, ಮಾದಿಯಕ್ಕ ಬಾಗಿಲು ಹಾಕಿಕೊಂಡಳು. ವಿಂಚಿನಲ್ಲಿ ಮರಿಯದಾಸ್ ನನ್ನನ್ನು ನೋಡಿ, ಬೆರಳು ಎತ್ತಿ ಎಣಿಸಿ, ಪುಸ್ತಕದಲ್ಲಿ ಒಂದು ಎಂದು ಬರೆದುಕೊಂಡ.